ಮೊದಲನೆಯದು ಬೆಟರಾ, ಎರಡನೆಯದಾ

ಗಾಜು ಟಿಕ್ಕೆಂದು ಚೌಕಟ್ಟಿನಲ್ಲಿ ಕೂತಿತು, ಇದು ಬೆಟರಾ, ಅದನ್ನು ತೆಗೆದು ಇನ್ನೊಂದು, ಟಿಕ್, ಇಲ್ಲಾ ಇದು ಬೆಟರಾ, ಕುರ್ಚಿಯಲ್ಲಿ ಕೂತ ಬಸ್ ಡ್ರೈವರು ಗಲ್ಲ ಎತ್ತಿ ಎದುರುಗೋಡೆಯ ಅಕ್ಷರಗಳನ್ನು ದುರುಗುಟ್ಟಿ ನೋಡಿ, ಎರಡೂ ಒಂದೇ ಥರ ಇದೆ ಸಾರ್, ಯಾವ್ದು ಬೆಟರ್ ಅಂತ ನೀವೇ ಹೇಳ್ಬಿಡಿ ಎಂದ — ಎಲ್ಲರೂ ಹೀಗೇ, ಕಣ್ಣು ಅವರದು, ಉತ್ತರ ಮಾತ್ರ ಕನ್ನಡಕದಂಗಡಿಯವನೇ ಕೊಡಬೇಕು, ಇಪ್ಪತ್ತೆರಡು ವರ್ಷದಿಂದ ಈ ಇಕ್ಕಟ್ಟಿನ ಕೋಣೆಯಲ್ಲಿ ಅದನ್ನೇ ಕೇಳಿ ಕೇಳಿ ಅದು ಪ್ರಶ್ನೆ ಎಂಬುದೇ ಅವನಿಗೆ ಮರೆತುಹೋಗಿತ್ತು, ಮೊದಮೊದಲು ಯಾವುದು ವಾಸಿ ಎಂದು ಕೇಳುತ್ತಿದ್ದ, ಒಬ್ಬ ಅಜ್ಜ ಸರಕ್ಕನೆ ಎದ್ದು, ವಾಸಿಯಾಯ್ತಾ, ಹಾಗಾದ್ರೆ ಕನ್ನಡಕ ಬೇಡ ಬಿಡಪ್ಪ ಎಂದು ಹೊರಟೇಬಿಟ್ಟಿದ್ದ, ಅವತ್ತಿನಿಂದ ಬೆಟರ್, ಎಲ್ಲರ ಬಾಯಿಗೂ ಹೊಂದುವ ಮಾತು, ಆದರೆ ಒಂಟಿಯಾಗಿ ನಿಲ್ಲಲಾರದ ಮಾತು, ಯಾವುದಕ್ಕಿಂತ ಎಂದು ಕೇಳಿದರೆ ತಬ್ಬಿಬ್ಬಾಗುತ್ತದೆ, ಎರಡು ಕೆಟ್ಟದ್ದರಲ್ಲಿ ಒಂದನ್ನು ಬೆಟರ್ ಅಂದಮಾತ್ರಕ್ಕೆ ಅದು ಒಳ್ಳೆಯದೇನೂ ಆಗಿಬಿಡುವುದಿಲ್ಲ, ಅಷ್ಟು ತಿಳಿಯುವುದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತು, ಅಕ್ಕನ ಕಣ್ಣೂ ಬೇಕಾಯಿತು — ಹನ್ನೊಂದಕ್ಕೆ ಬರ್ತೀನಿ ಅಂದಿದ್ದಾಳೆ, ಈಗ ಹತ್ತೂ ಮುಕ್ಕಾಲು, ಹೋದ ವಾರ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಅಕ್ಕನನ್ನು ಹೊರಗೆ ಕೂರಿಸಿ ಅವನೊಬ್ಬನನ್ನೇ ಒಳಗೆ ಕರೆದು, ಎಡಗಣ್ಣು ಹೆಚ್ಚುಕಡಿಮೆ ಹೋಗಿದೆ, ಬಲಗಣ್ಣಲ್ಲೂ ಸುತ್ತಲಿನ ನೋಟ ಕುಗ್ಗಿದೆ, ಕಣ್ಣೊಳಗಿನ ಒತ್ತಡ, ನೋವಿರಲ್ಲ, ಗೊತ್ತಾಗಲ್ಲ, ಹನಿ ಹಾಕಿದ್ರೆ ಉಳಿದಿರೋದು ಉಳಿಯುತ್ತೆ, ಹೋಗಿದ್ದು ಬರಲ್ಲ, ಒಂದೆರಡು ವರ್ಷ ಮುಂಚೆ ಬಂದಿದ್ರೆ ಬೆಟರ್ ಇತ್ತು, ಇದನ್ನ ನೀವೇ ಅವರಿಗೆ ನಿಧಾನವಾಗಿ ಹೇಳಿ, ನೀವೂ ಇದೇ ಕೆಲಸದವರಲ್ವಾ ಎಂದಿದ್ದರು, ಅದಾಗಿ ಎಂಟು ದಿನ, ಅವನಿನ್ನೂ ಹೇಳಿಲ್ಲ.

ಇದೇ ಕೆಲಸದವನು, ದೀಪದ ಬುಡದಲ್ಲೇ ಕತ್ತಲೆ, ವರ್ಷಕ್ಕೆರಡು ಸಲ ಇದೇ ಕುರ್ಚಿಯಲ್ಲಿ ಕೂತವಳು, ಯಾಕೋ ಸಂಜೆಯಾದ್ರೆ ಮಬ್ಬು ಕಣೋ ಗುಂಡ ಎಂದವಳು, ನಲವತ್ತೆಂಟಾದರೂ ಅವಳಿಗೆ ಅವನು ಗುಂಡನೇ, ವಯಸ್ಸಾಯ್ತಲ್ಲ ನಿಂಗೆ ಎಂದು ಅವನು ಗಾಜು ಬದಲಿಸುತ್ತಿದ್ದ, ಇದು ಬೆಟರಾ, ಇದು ಬೆಟರಾ, ಎರಡನೇದು ಬೆಟರ್ ಕಣೋ, ಯಾವಾಗಲೂ ಎರಡನೆಯದೇ, ಎರಡನೆಯದನ್ನು ಕೇಳುವಾಗ ಅವನ ದನಿ ಒಂದಿಷ್ಟು ಏರುತ್ತಿತ್ತಲ್ಲ, ತಮ್ಮನಿಗೆ ಯಾವ ಉತ್ತರ ಬೇಕೆಂದು ಅವಳಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು, ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು, ಬ್ರೆಡ್ಡಿನ ಎರಡು ಚೂರಲ್ಲಿ ಸೀದದ್ದನ್ನು ತಾನಿಟ್ಟುಕೊಂಡು ನಂಗಿದೇ ಬೆಟರ್ ಎನ್ನುತ್ತಿದ್ದವಳು, ಕಿಟಕಿ ಕಡೆಯ ಹಾಸಿಗೆ ಅವನಿಗೆ, ಗಾಳಿ ನುಗ್ಗುವ ಬಾಗಿಲ ಕಡೆಯದು ನಂಗೆ ಬೆಟರ್, ಅವಳ ಆ ಮಾತನ್ನು ನಂಬಿಯೇ ಬೆಳೆದವನು ಗಾಜಿನ ಮುಂದೆ ಮಾತ್ರ ಯಾಕೆ ಅನುಮಾನಪಡುತ್ತಾನೆ, ಕಟ್ಟಕಡೆಯ ಸಾಲಿನವರೆಗೂ ಓದುತ್ತಿದ್ದಳಲ್ಲ, ಆ ಅಕ್ಷರದ ಹಲಗೆ ಎದುರಿಗಿರುವುದನ್ನಷ್ಟೇ ಕೇಳುತ್ತದೆ, ಪಕ್ಕದಲ್ಲೇನು ಕಾಣುತ್ತದೆ ಎಂದು ಕೇಳುವುದಿಲ್ಲ, ಅವನೂ ಕೇಳಲಿಲ್ಲ, ಒಂದು ಕಣ್ಣು ಮುಚ್ಚಿಸಿ ಪಕ್ಕದಲ್ಲಿ ಎರಡು ಬೆರಳು ಹಿಡಿದು ಎಷ್ಟು ಹೇಳು ಅಂದಿದ್ದರೆ ಸಾಕಿತ್ತು, ಈಗ ಬಂದಬಂದವರಿಗೆಲ್ಲ ಬೆರಳು ತೋರಿಸುತ್ತಾನೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ — ಬಾಗಿಲು, ಆ ಬಾಗಿಲು, ಹೋದ ವರ್ಷ ಅಂಗಡಿಯ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿ, ಬಣ್ಣ ಹಸಿ ಇದೆ ಎಂದು ದಪ್ಪಕ್ಷರದಲ್ಲಿ ಬರೆದು ಎಡಗಡೆಯ ಚೌಕಟ್ಟಿಗೇ ಅಂಟಿಸಿದ್ದ, ಅಕ್ಕ ಒಳಗೆ ಬಂದಳು, ಬೂದು ಸ್ವೆಟರಿನ ಎಡತೋಳಿಗೆ ಉದ್ದನೆಯ ನೀಲಿ ಪಟ್ಟೆ, ಮಾರನೆಯ ದಿನ ಊಟದ ಡಬ್ಬಿ ಕೊಡಲು ಬಂದಳು, ಅದೇ ತೋಳು, ಪಕ್ಕದಲ್ಲೇ ಇನ್ನೊಂದು ಪಟ್ಟೆ, ಕಣ್ಣೇನು ಮನೇಲಿಟ್ಟು ಬಂದ್ಯಾ ಅಕ್ಕಾ, ನನ್ನ ಅಕ್ಕ ಅಂತ ಯಾರಿಗೂ ಹೇಳ್ಬೇಡ, ಅಂಗಡಿ ಮುಚ್ಚಬೇಕಾಗುತ್ತೆ, ಹಾಗೆ ಅಂದವನು ಅವನೇ, ಗಿರಾಕಿಗಳ ಎದುರಿಗೆ, ನಗು ತಡೆಯಲಾರದೆ ಮೇಜು ಹಿಡಿದುಕೊಂಡು, ಅಕ್ಕನೂ ನಕ್ಕಿದ್ದಳು, ನಾಚಿಕೆಯಾಗಿತ್ತೇನೋ, ಹೆದರಿಕೆಯೇ ಆಗಿತ್ತೇನೋ, ಆ ನಗುವನ್ನು ನೆನೆದರೆ ಅವನಿಗೆ ತನ್ನ ಮೇಲೇ ಅಸಹ್ಯ, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಆ ಬಣ್ಣ ಹೋಗಲಿಲ್ಲ.

ಸಾರ್, ಇದು ಮೂಗಿಗೆ ಒತ್ತುತ್ತಿದೆ, ಡ್ರೈವರು ಪರೀಕ್ಷೆಯ ಚೌಕಟ್ಟನ್ನು ತಾನೇ ಕಳಚಿ ಕೈಗಿಟ್ಟ, ಒಂದೈದು ನಿಮಿಷ ಹೊರಗೆ ಕೂತಿರಿ ಎಂದ ಅವನು, ಯಾಕೆಂದರೆ ಬಾಗಿಲು ಕಿರ್ರೆಂದಿತ್ತು, ಅಕ್ಕ ಹೊಸ್ತಿಲ ಬಳಿ ನಿಂತಿದ್ದಳು, ಬಲಗೈಯನ್ನು ಅಡ್ಡ ಚಾಚಿ ಎಡಗಡೆಯ ಚೌಕಟ್ಟನ್ನು ಮೊದಲು ಮುಟ್ಟಿ ನೋಡಿದಳು, ಆಮೇಲೆ ಮೈ ಓರೆ ಮಾಡಿ ಒಳಗೆ ಬಂದಳು, ಇದನ್ನು ಯಾವಾಗ ಕಲಿತಳು, ಯಾರೂ ಹೇಳಿಕೊಡದೆ, ಯಾರಿಗೂ ಹೇಳದೆ, ಮೈಮೇಲೆ ಅದೇ ಬೂದು ಸ್ವೆಟರು, ಕುರ್ಚಿಯಲ್ಲಿ ಕೂತು ಚೀಲದಿಂದ ಹನಿಯ ಬಾಟಲಿ ತೆಗೆದು, ದಿನಕ್ಕೆರಡು ಸಲ ತಪ್ಪದೆ ಹಾಕ್ತಿದೀನಿ ಕಣೋ, ಈಗ ಬೆಟರ್ ಅನ್ಸುತ್ತೆ ಎಂದಳು, ಸೀದ ಬ್ರೆಡ್ಡಿನ ದನಿ, ಅದೇ ದನಿ, ಇವತ್ತು ಕೇಳಲೇಬೇಕು, ಯಾವುದಕ್ಕಿಂತ ಅಕ್ಕಾ ಎಂದು, ಹೇಳಲೇಬೇಕು, ಅವನು ಸದ್ದಿಲ್ಲದೆ ಅವಳ ಎಡಕ್ಕೆ ಬಂದು ನಿಂತ, ಅವಳು ಎದುರಿನ ಖಾಲಿ ಸ್ಟೂಲಿನ ಕಡೆಗೇ ಮುಖ ಮಾಡಿ, ಗುಂಡಾ, ಎಲ್ಲಿ ಹೋದ್ಯೋ ಎಂದಳು, ಇಲ್ಲೇ ಇದೀನಿ ಅಕ್ಕ ಎಂದ, ನಿಂತಿದ್ದು ಒಂದು ಮೊಳ ದೂರದಲ್ಲಿ, ಅವಳು ಕತ್ತು ತಿರುಗಿಸಲಿಲ್ಲ, ಡಾಕ್ಟರಮ್ಮ ನಿಂಗೇನೋ ಹೇಳಿದಾರೆ, ನಂಗೊತ್ತು, ಎಂಟು ದಿನದಿಂದ ನನ್ನ ಮುಖ ನೋಡ್ತಿಲ್ಲ ನೀನು, ಹೇಳಿದ್ರೆ ನಿಂಗೆ ಬೆಟರ್ರೋ, ಹೇಳದೆ ಇದ್ರೆ ಬೆಟರ್ರೋ, ಹಾಗೇ ಮಾಡು ಕಣೋ, ನಂಗೆ ಯಾವುದಾದ್ರೂ ಸರಿ ಎಂದಳು, ಇದರಲ್ಲೂ ಒಳ್ಳೆಯ ಚೂರನ್ನು ಅವನಿಗೇ ಬಿಟ್ಟುಕೊಟ್ಟು ಮಡಿಲಲ್ಲಿ ಕೈ ಇಟ್ಟುಕೊಂಡು ಕಾದಳು, ಅವನು ಬಾಯಿ ತೆರೆದ, ಕಣ್ಣೆದುರಿಗೆ ಅವಳ ಎಡತೋಳು, ಬೂದು ಉಣ್ಣೆಯ ಮೇಲೆ ಒಂದು ನೀಲಿ ಪಟ್ಟೆ, ಅದರ ಪಕ್ಕದಲ್ಲಿ ಇನ್ನೊಂದು, ಮೊದಲನೆಯದು, ಎರಡನೆಯದು, ಬೂದು ಉಣ್ಣೆಯ ಮೇಲೆ ಒಂದು ನೀಲಿ ಪಟ್ಟೆ, ಅದರ ಪಕ್ಕದಲ್ಲಿ ಇನ್ನೊಂದು