ಇಪ್ಪತ್ತೆರಡು ಗುಂಡಿಗಳ ಟೆಂಟು

ಟೆಂಟು ಹೊಲಿಯುವುದಕ್ಕೆ ಎದೆಯ ಸುತ್ತಳತೆ ಯಾಕೆ ಬೇಕು ಎಂದು ಲೆಕ್ಕದ ಟೀಚರ್ ಕೇಳಿದಾಗ ಕತ್ತರಿ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ, "ಕೈ ಎತ್ತು" ಅಂದಳು.

ಕತ್ತರಿ ಅಂದರೆ ನಮ್ಮ ಗೆಳತಿ, ಹೆಂಗಸರ ಟೈಲರ್. ಅವಳ ಅಂಗಡಿಗೆ ಅಂಟಿಕೊಂಡದ್ದು ನನ್ನ ಕನ್ನಡಕದ ಅಂಗಡಿ. ಟೀಚರ್ ನಮ್ಮಿಬ್ಬರ ಜೊತೆ ಶಾಲೆಗೆ ಹೋಗಿ, ಅಲ್ಲಿಂದ ಹೊರಗೆ ಬರದೆ ಅಲ್ಲೇ ಕೆಲಸ ಹಿಡಿದವಳು. ಆ ದಿನ ನಮ್ಮ ಭುಜ, ತೋಳು, ಸೊಂಟ ಎಲ್ಲವನ್ನೂ ಅಳೆಯಲಾಯಿತು. ಮಣಿಕಟ್ಟನ್ನೂ ಬಿಡಲಿಲ್ಲ.

ಟೆಂಟು ಬೇಕಿದ್ದದ್ದು ಒಂದು ಓಟಕ್ಕೆ. ಬೇಸಿಗೆಯಲ್ಲಿ ಒಂದು ಶನಿವಾರ, ಭಾನುವಾರ ಊರವರು ನಡೆಸುವ ಓಟ ಅದು. ಮೂವರ ತಂಡ. ಶನಿವಾರ ಟೆಂಟು ಹೊತ್ತುಕೊಂಡು ಹನ್ನೆರಡು ಕಿಲೋಮೀಟರ್ ಓಡಿ ಕೆರೆದಂಡೆ ಸೇರಬೇಕು. ಟೆಂಟು ಹಾಕಿ, ಮೂವರೂ ಒಳಗೆ ಹೋಗಿ, ಬಾಗಿಲು ಮುಚ್ಚಿದರೆ ಆ ದಿನದ ಗಡಿಯಾರ ನಿಲ್ಲುತ್ತದೆ. ಭಾನುವಾರ ಬೆಳಗ್ಗೆ ಸೀಟಿ ಊದಿದ ಕೂಡಲೇ ಬಾಗಿಲು ತೆಗೆದು, ಟೆಂಟು ಮಡಚಿ, ವಾಪಸು ಓಡಬೇಕು. ಎರಡೂ ದಿನದ ಹೊತ್ತು ಕೂಡಿಸಿ ಫಲಿತಾಂಶ. ಟೆಂಟು ಹರಿದರೆ ತಂಡ ಔಟ್.

ನಾವು ಓಡುವವರಲ್ಲ. ಬಸ್ಸು ಕಂಡರೆ ಮುಂದಿನದು ಬರಲಿ ಎಂದು ನಿಲ್ಲುವ ಜಾತಿ. ಓಟಕ್ಕೆ ಹೆಸರು ಕೊಟ್ಟದ್ದು ಕತ್ತರಿಯ ಅಕ್ಕನ ದೆಸೆಯಿಂದ. ಅಕ್ಕನದು ಅದೇ ಬೀದಿಯ ತುದಿಯಲ್ಲಿ ಆಟದ ಸಾಮಾನಿನ ದೊಡ್ಡ ಅಂಗಡಿ. ಜನ ಸಿದ್ಧ ಉಡುಪಿಗೆ ಬಿದ್ದ ಮೇಲೆ ತಂಗಿಯ ಮೆಷಿನ್ನು ದಿನದಲ್ಲಿ ಅರ್ಧ ಹೊತ್ತು ಸುಮ್ಮನಿರುತ್ತಿತ್ತು. ಎರಡು ವರ್ಷದಿಂದ ಅಕ್ಕನದು ಒಂದೇ ರಾಗ: "ಆ ಅಂಗಡಿ ಮುಚ್ಚು. ನಮ್ಮಲ್ಲಿ ಮೆಟ್ಟಿಲ ಕೆಳಗೆ ಮೂಲೆ ಖಾಲಿ ಇದೆ, ಸ್ಟೂಲ್ ಹಾಕಿಸ್ತೀನಿ. ಬಂದವರ ಪ್ಯಾಂಟಿನ ಕಾಲು ಮಡಚಿ ಹೊಲ್ಕೊಂಡಿರು."

ಅಕ್ಕನ ತಂಡ ಇಳಿಯುವ ಓಟಕ್ಕೆ ತಾನೂ ಇಳಿಯುತ್ತೇನೆ, ಟೆಂಟನ್ನು ತಾನೇ ಹೊಲಿಯುತ್ತೇನೆ ಎಂದು ತಂಗಿ ಅಂದಾಗ ಅಕ್ಕ ಊಟದ ತಟ್ಟೆಯ ಮುಂದೆ ಕೂತು ನಕ್ಕಳಂತೆ. "ಟೆಂಟು ಅಂದ್ರೆ ಲಂಗ ಅಲ್ಲ ಕಣೇ."

"ಓಟದಲ್ಲಿ ನಿನ್ನ ತಂಡಕ್ಕಿಂತ ಮುಂದೆ ಬಂದ್ರೆ ಮೂಲೆಯ ಮಾತು ಇನ್ನು ಎತ್ತಬಾರದು. ಹಿಂದೆ ಬಿದ್ರೆ ಸೋಮವಾರ ಹತ್ತು ಗಂಟೆಗೆ ಬಂದು ಸ್ಟೂಲ್ ಮೇಲೆ ಕೂರ್ತೀನಿ" ಅಂದಳು ತಂಗಿ. ಅಂದ ಮೇಲೆ ನಮಗೆ ತಿಳಿಸಿದಳು.

ಟೆಂಟು ಮಾತ್ರ ಚಂದವಾಗಿತ್ತು. ರೇನ್‌ಕೋಟಿನ ಬಟ್ಟೆ, ಹಗುರ, ಹೊಲಿಗೆ ಕಂಡೂ ಕಾಣದಂತೆ. ಬಾಗಿಲಿಗೆ ಜಿಪ್ಪಿರಲಿಲ್ಲ, ಇಪ್ಪತ್ತೆರಡು ಗುಂಡಿ, ಇಪ್ಪತ್ತೆರಡು ಕಾಜ, ಎಲ್ಲ ಕೈಯಲ್ಲೇ ಹೊಲಿದದ್ದು. "ಜಿಪ್ಪನ್ನ ನಂಬಬಾರದು" ಅಂದಳು ಕತ್ತರಿ, ಕೈಕೊಟ್ಟ ಗಂಡನ ಬಗ್ಗೆ ಹೇಳುವ ಧಾಟಿಯಲ್ಲಿ. "ಇಪ್ಪತ್ತು ವರ್ಷದಿಂದ ಅದನ್ನ ಕೀಳೋದೇ ನನ್ನ ಕೆಲಸ."

ಶನಿವಾರ ನಾವು ಓಡಿದೆವು ಎಂದರೆ ಓಟಕ್ಕೆ ಅವಮಾನ. ಆದರೂ ನಮ್ಮ ಟೆಂಟು ಹಗುರ, ಅಕ್ಕನದು ಅವಳ ಅಂಗಡಿಯ ಅತಿ ದುಬಾರಿ ಮಾಲು, ತೂಕವೂ ಅದಕ್ಕೆ ತಕ್ಕಂತೆ. ಅದನ್ನು ಹೊತ್ತ ಭಾವ ಹತ್ತನೆಯ ಕಿಲೋಮೀಟರಿನಲ್ಲಿ ಮರಕ್ಕೆ ಒರಗಿ, ನಾವು ದಾಟಿ ಹೋಗುವಾಗ ಕೈ ಮುಗಿದರು. ಕೆರೆ ಸೇರಿದಾಗ ನಾವು ಒಂಬತ್ತು ನಿಮಿಷ ಮುಂದೆ. ಟೆಂಟು ಎದ್ದಿತು. ಒಳಗೆ ನುಗ್ಗಿದೆವು. ನಾನು ಮೇಲಿನಿಂದ, ಟೀಚರ್ ಕೆಳಗಿನಿಂದ ಗುಂಡಿ ಹಾಕಲು ಹೊರಟೆವು.

ಗುಂಡಿಗಳಿರಲಿಲ್ಲ.

"ಗುಂಡಿ ಎಲ್ಲಿ ಕಣೇ?" ಅಂದಳು ಟೀಚರ್.

ಕತ್ತರಿಯ ಮುಖ ನಿಧಾನವಾಗಿ ಬಿಳಿಚಿಕೊಂಡಿತು. "ಹೊರಗಿದೆ."

ಜೀವಮಾನವೆಲ್ಲ ಗುಂಡಿಯನ್ನು ಬಟ್ಟೆಯ ಹೊರಮೈಗೆ ಹಾಕಿದ ಕೈ ಅದು. ಅಂಗಿ ತೊಟ್ಟಾಗ ಮೈ ಒಳಗಿದ್ದರೂ ಕೈ ಹೊರಗಿರುತ್ತದೆ. ಟೆಂಟಿನಲ್ಲಿ ಕೈಯೂ ಒಳಗೇ ಇರುತ್ತದೆ ಎಂಬುದನ್ನು ಅವಳ ಅಳತೆ ಟೇಪು ಹೇಳಿರಲಿಲ್ಲ.

ಸಂದಿಯಲ್ಲಿ ಬೆರಳು ತೂರಿಸಿ, ಕುರುಡು ಕುರುಡಾಗಿ ಹಾಕಿದೆವು. ನಾನೂ ಟೀಚರೂ ನಡುವೆ ಸಂಧಿಸಿದಾಗ ಒಂದು ಗುಂಡಿ ಉಳಿದಿತ್ತು, ಅದಕ್ಕೆ ಕಾಜವಿರಲಿಲ್ಲ.

"ಲೆಕ್ಕದ ಟೀಚರಂತೆ" ಅಂದೆ.

"ಮೇಲಿಂದ ತಪ್ಪಿರೋದು. ಕನ್ನಡಕ ಮಾರೋಳಿಗೆ ಕಣ್ಣು ಕಾಣಲ್ಲ."

"ಕೆಳಗಡೆ ಒಂದು ಕಾಜ ಬಾಯಿ ಬಿಟ್ಕೊಂಡು ಕೂತಿದೆ, ನೋಡು."

ಅಷ್ಟರಲ್ಲಿ ನಗು ಬಂತು. ಬರಬಾರದಿತ್ತು. ನಕ್ಕರೆ ಬೆರಳು ಜಾರುತ್ತದೆ, ಜಾರಿದರೆ ಇನ್ನಷ್ಟು ನಗು. ಬಿಚ್ಚಿ ಮತ್ತೆ ಹಾಕುವಾಗ ಪಕ್ಕದಲ್ಲಿ ಅಕ್ಕನ ಜಿಪ್ಪು ಸರ್ರೆಂದಿತು. ನಮ್ಮ ಕೊನೆಯ ಗುಂಡಿ ಬೀಳುವ ಹೊತ್ತಿಗೆ ನಾವು ಹತ್ತು ನಿಮಿಷ ಹಿಂದೆ. ನಗುವನ್ನು ಮೊದಲು ನಿಲ್ಲಿಸಿದವಳು ಕತ್ತರಿ.

ಸಂಜೆ ಅವಳು ಬಾಗಿಲ ಮುಂದೆ ಕೂತು ಇಪ್ಪತ್ತೆರಡೂ ಗುಂಡಿ ಕಿತ್ತು ಒಳಗಡೆಗೆ ಹಾಕಿದಳು. ಸೂರ್ಯ ಮುಳುಗುವುದಕ್ಕೂ ಕೊನೆಯ ದಾರ ಕಡಿಯುವುದಕ್ಕೂ ಸರಿಹೋಯಿತು. ಆಮೇಲೆ ದಂಡೆಯ ಮೇಲಿಂದ ಬಿಸಿಗಾಳಿ ಎದ್ದು ಮರಳು ಎರಚತೊಡಗಿತು. ಒಳಗೆ ಸೇರಿದೆವು. ಟೆಂಟು ನಮ್ಮ ಮೈಗೆ ಎಷ್ಟು ಸರಿಯಾಗಿ ಹೊಂದಿತ್ತೆಂದರೆ ಮಗ್ಗುಲು ಬದಲಿಸಬೇಕಾದರೆ ಟೀಚರ್ "ಒಂದು, ಎರಡು, ಮೂರು" ಎಣಿಸಬೇಕು, ಮೂವರೂ ಒಟ್ಟಿಗೆ ಹೊರಳಬೇಕು.

ಬೆಳಗ್ಗೆ ಆರಕ್ಕೆ ಸೀಟಿ ಕೂಗಿತು. ಕತ್ತರಿ ಅಂಗೈಯಿಂದ ಬಾಗಿಲನ್ನು ಮೇಲಿಂದ ಕೆಳಗೆ ಸವರಿದಳು, ಅಷ್ಟೂ ಗುಂಡಿ ಬಿಚ್ಚಿಕೊಂಡವು. ಟೆಂಟು ಮಡಚಿ ಹೆಗಲಿಗೇರಿಸಿ ನೋಡಿದರೆ ದಂಡೆಯ ಮೇಲೆ ಇರುವವರು ನಾವು ಮೂವರೇ. ಉಳಿದ ಮೂವತ್ತೇಳು ಟೆಂಟುಗಳು ನಿಂತಲ್ಲೇ ಒದ್ದಾಡುತ್ತಿದ್ದವು. ರಾತ್ರಿಯ ಮರಳು ಜಿಪ್ಪಿನ ಹಲ್ಲುಗಳಲ್ಲಿ ಕೂತಿತ್ತು. ಒಳಗಿನಿಂದ ಮೊಣಕೈ, ಮಂಡಿ, ಒಂದು ಕಡೆ ಇಡೀ ಮುಖದ ಅಚ್ಚು.

ನೀಲಿ ಟೆಂಟಿನಿಂದ ಅಕ್ಕನ ದನಿ ಬಂತು. "ಯಾರು ಹೊರಗಿರೋದು?"

"ನಾನು" ಅಂದಳು ಕತ್ತರಿ.

"ನೀನು ಹೇಗೆ ಹೊರಗೆ ಬಂದೆ?"

"ಗುಂಡಿ ಬಿಚ್ಕೊಂಡು."

ಟೀಚರ್ ಅವಳ ತೋಳು ಹಿಡಿದೆಳೆದಳು. "ಹತ್ತು ನಿಮಿಷ ತಾನೇ ಹಿಂದಿರೋದು? ಈಗ ಹೊರಟ್ರೆ ಗೆದ್ದ ಹಾಗೇನೆ. ಬಾರೇ."

ಕತ್ತರಿ ಆಗಲೇ ಕುಕ್ಕರುಗಾಲಲ್ಲಿ ಕೂತು ಜಿಪ್ಪಿಗೆ ಕಣ್ಣು ಹಚ್ಚಿದ್ದಳು. "ಎಳೀಬೇಡ ಅಕ್ಕ. ಎಳೆದ್ರೆ ಬಟ್ಟೆ ಕಚ್ಚಿ ಹರಿಯುತ್ತೆ."

"ನನಗೆ ಹೇಳ್ಕೊಡ್ಬೇಡ. ಇಂಥಾವು ಇನ್ನೂರು ಮಾರಿದ್ದೀನಿ."

"ಮಾರಿದ್ದೀಯ. ನಿನ್ನೆ ತನಕ ಒಳಗೆ ಮಲಗಿರ್ಲಿಲ್ಲ."

ಭಾವನ ದನಿ ತಗ್ಗಿನಲ್ಲಿ ಕೇಳಿಸಿತು. "ನೋಡಮ್ಮ, ಸ್ವಲ್ಪ ಬೇಗ ಆದ್ರೆ ಒಳ್ಳೇದು. ನಿಮ್ಮಕ್ಕ ನಿನ್ನೆ ಮೂರು ಲೋಟ ಕಾಫಿ ಕುಡಿದಿದ್ದಾಳೆ."

"ಸುಮ್ನಿರ್ರೀ."

ಕತ್ತರಿಗೆ ಸಂಗತಿ ಅರ್ಥವಾಯಿತು. ನಿಧಾನವಾಗಿ ಎದ್ದು ಮಂಡಿಯ ಮರಳು ಒರೆಸಿಕೊಂಡಳು. "ಅಕ್ಕ, ಆ ಸೋಮವಾರದ ಮಾತು?"

"ಸೋಮವಾರದ್ದು ಸೋಮವಾರ."

"ಸರಿ, ಬರ್ತೀನಿ ಹಾಗಾದ್ರೆ."

"ನಿಲ್ಲೇ." ಟೆಂಟು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿತು. "ಸರಿ. ಬೇಡ."

"ಏನು ಬೇಡ?"

"ಮೂಲೆಯೂ ಬೇಡ, ಸ್ಟೂಲೂ ಬೇಡ, ಮೊದಲು ತೆಗಿ."

ಕತ್ತರಿ ಸೊಂಟದ ಚೀಲದಿಂದ ಮೇಣದಬತ್ತಿಯ ತುಂಡು ತೆಗೆದು ಹಲ್ಲುಗಳಿಗೆ ಉಜ್ಜಿ, ಎರಡು ಸಲ ಅಲುಗಿಸಿ ಬಿಟ್ಟಳು. ಸರ್ರ್. ಅಕ್ಕ ಹೊರಬಿದ್ದು ಪೊದೆಯ ಕಡೆಗೆ ಓಡಿದ ವೇಗವನ್ನು ಆ ಎರಡು ದಿನದಲ್ಲಿ ಬೇರೆ ಯಾರೂ ಮುಟ್ಟಲಿಲ್ಲ.

ಮರಳಿ ಬಂದಾಗ ಅವಳು ಪೂರಾ ಅಕ್ಕನಾಗಿದ್ದಳು. "ಆ ಸ್ಥಿತೀಲಿ ಹೇಳಿಸಿದ ಮಾತು ಲೆಕ್ಕಕ್ಕಿಲ್ಲ" ಅಂದು, ಭಾವನನ್ನೂ ಅವರ ತಮ್ಮನನ್ನೂ ಎಬ್ಬಿಸಿಕೊಂಡು ಹೊರಟೇಬಿಟ್ಟಳು.

ನಾವು ಬೆನ್ನಟ್ಟಬಹುದಿತ್ತು. ಆದರೆ ಪಕ್ಕದ ಟೆಂಟಿನಿಂದ "ಅಕ್ಕಾವ್ರೇ, ಇಲ್ಲೂ ಸ್ವಲ್ಪ" ಎಂದು ಬಂತು. ಅದರ ಪಕ್ಕದ್ದರಿಂದಲೂ ಬಂತು. ಕೆಟ್ಟ ಜಿಪ್ಪನ್ನು ಹಾಗೇ ಬಿಟ್ಟು ಹೋಗುವುದು ಕತ್ತರಿಯಿಂದ ಆಗದ ಕೆಲಸ. ಮೇಣದಬತ್ತಿಯನ್ನು ಮೂರು ತುಂಡು ಮಾಡಿ ನಮಗೂ ಕೊಟ್ಟಳು. ಒಂದೊಂದು ಟೆಂಟು ಬಾಯಿ ಬಿಟ್ಟಾಗಲೂ ಬೆವೆತ ಮೂರು ಮುಖ ಹೊರಬಿದ್ದು, ನಮ್ಮ ಕೈ ಕುಲುಕಿ, ನಮ್ಮನ್ನು ಹಿಂದೆ ಹಾಕಿ ಓಡುತ್ತಿದ್ದವು.

"ನಮ್ಮನ್ನ ಸೋಲಿಸೋರನ್ನ ನಾವೇ ಬಿಡಿಸ್ತಾ ಇದ್ದೀವಿ" ಅಂದಳು ಟೀಚರ್. "ಇಪ್ಪತ್ತೊಂಬತ್ತು ಆಯ್ತು. ಇನ್ನು ಎಂಟು."

ಕಟ್ಟಕಡೆಗೆ ಹೊರಟವರು ನಾವು. ಸೋತದ್ದು ಖಚಿತವಾದ ಮೇಲೆ ಕಾಲು ಹಗುರಾಯಿತು. ಇಳಿಜಾರಿನಲ್ಲಿ ಸುಮ್ಮಸುಮ್ಮನೆ ಕೂಗಿಕೊಂಡು ಓಡಿದೆವು. ನಲವತ್ತೇಳು ವರ್ಷದ ಮೂವರು ಹೆಂಗಸರು, ಹಿಂದೆ ಯಾರೂ ಇಲ್ಲದೆ. ಕತ್ತರಿ ಮಾತ್ರ ನಡುನಡುವೆ "ಹತ್ತು ಗಂಟೆಗೆ" ಅಂತ ತನಗೇ ಹೇಳಿಕೊಂಡು ಮತ್ತೆ ನಗುತ್ತಿದ್ದಳು. ಆ ನಗು ನನಗೆ ಹಿಡಿಸಲಿಲ್ಲ.

ಓಟ ಮುಗಿಯುವ ಗೆರೆಯ ಹತ್ತಿರ ಬಂದಾಗ ಯಾರೂ ಮನೆಗೆ ಹೋಗಿರಲಿಲ್ಲ. ಚಪ್ಪಾಳೆ ಬಿತ್ತು. ಅಕ್ಕ ಗುಂಪಿನ ನಡುವೆ ನಿಂತು, ಎದೆಯಿಂದ ಕಿತ್ತ ನಂಬರ್ ಚೀಟಿಯ ಹಿಂಬದಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ತಂಗಿಯನ್ನು ನೋಡಿ ಪೆನ್ನು ಕಿವಿಗೆ ಸಿಕ್ಕಿಸಿದಳು.

"ಸೋಮವಾರ ಹತ್ತು ಗಂಟೆಗೆ" ಅಂದಳು.

"ಗೊತ್ತು. ಬರ್ತೀನಿ" ಅಂದಳು ಕತ್ತರಿ.

"ನೀನು ಎಲ್ಲಿಗೆ ಬರ್ತೀಯ? ನಾನು ಬರೋದು, ನಿನ್ನಂಗಡಿಗೆ." ಅಕ್ಕ ಚೀಟಿ ತೋರಿಸಿದಳು, ಅಂಚಿನ ತನಕ ಹೆಸರುಗಳು. "ಹತ್ತೊಂಬತ್ತು ಜನ ಗುಂಡಿ ಟೆಂಟು ಕೇಳ್ತಿದ್ದಾರೆ. ಆ ಮೂಲೇಲಿ ಅದನ್ನೆಲ್ಲ ಹರಡೋಕೆ ಜಾಗ ಎಲ್ಲಿದೆ?"

ಕತ್ತರಿ ಚೀಟಿಯನ್ನು ಮೇಲಿಂದ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಅಳತೆ ಟೇಪನ್ನು ಚೀಲದಿಂದ ತೆಗೆದು ಕೊರಳಿಗೆ ಹಾಕಿಕೊಂಡಳು.

"ಬರುವಾಗ ಆ ಸ್ಟೂಲ್ ತಗೊಂಡು ಬಾ" ಅಂದಳು. "ನನ್ನಲ್ಲಿ ಇರೋದು ಒಂದೇ. ನಿನಗೆ ಕೂರೋಕೆ ಬೇಕಾಗುತ್ತೆ."