ಚಪ್ಪಟೆ ತಲೆಯ ಹುಳ

ಗೋಕಾಕದ ಬೇಸಾಯ ಕಚೇರಿಗೆ ಹೊಸದಾಗಿ ಬಂದ ಅಣ್ಣಪ್ಪನ ಹತ್ತಿರ ಒಂದು ಸೈಕಲ್ಲು, ಒಂದು ಭೂತಗನ್ನಡಿ, ಹುಳಗಳ ಚಿತ್ರವಿದ್ದ ಒಂದೇ ಒಂದು ಪುಸ್ತಕ ಇದ್ದವು. ಹಮ್ಮು ಮಾತ್ರ ಬೇಕಾದಷ್ಟಿತ್ತು. ೧೯೫೮ರ ಚಳಿಗಾಲದಲ್ಲಿ ನಾಗನೂರಿನ ಕೆಂಚಪ್ಪ ಅವನನ್ನು ಹುಡುಕಿಕೊಂಡು ಬಂದ. ತನ್ನ ತೋಟದ ಮಾವಿನ ಹೂವು ಉದುರುತ್ತಿವೆ, ಪಕ್ಕದ ಹೊಲದ ಯಮನವ್ವನ ಒಂಟಿ ಮಾವಿನ ಗಿಡದಿಂದಲೇ ಹುಳ ಹಾರಿ ಬರುತ್ತಿವೆ ಎಂದು ಅವನ ದೂರು.

ಅಣ್ಣಪ್ಪ ಹೋಗಿ ಯಮನವ್ವನ ಗಿಡವನ್ನಷ್ಟೇ ನೋಡಿದ. ತೊಗಟೆಯ ಬಣ್ಣದ ಹುಳಗಳು ತೊಗಟೆಗೇ ಅಂಟಿಕೊಂಡು ಕುಳಿತಿದ್ದವು. ಮುಟ್ಟಿದರೆ ಚಂಗನೆ ಜಿಗಿಯುತ್ತಿದ್ದವು. ಒಂದನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು, ಹತ್ತಿ ಹಾಕಿದ ಕಡ್ಡಿಪೆಟ್ಟಿಗೆಯಲ್ಲಿಟ್ಟು ಪುಸ್ತಕ ತೆರೆದ. ಮಾವಿನ ಹೂವು ಉದುರಿಸುವ ಜಿಗಿಹುಳದ ಚಿತ್ರಕ್ಕೆ ಸುಮಾರಾಗಿ ಎಲ್ಲವೂ ಹೊಂದಿತು, ತಲೆಯೊಂದು ಬಿಟ್ಟು. ಚಿತ್ರದಲ್ಲಿ ಗುಂಡುತಲೆ, ಇಲ್ಲಿ ಸಲಿಕೆಯಂತೆ ಚಪ್ಪಟೆ. ತನ್ನ ಹೆಬ್ಬೆರಳೇ ಅದನ್ನು ಅಪ್ಪಚ್ಚಿ ಮಾಡಿರಬೇಕು ಅಂದುಕೊಂಡ.

"ಇವು ಮೊದ್ಲಿಂದ ಹಿಂಗ ಅದಾವ್ರಿ ಸಾಹೇಬ್ರ," ಎಂದಳು ಯಮನವ್ವ. "ಚಪ್ಪಟಿ ತಲಿ. ಗಿಡಕ್ಕ ಏನೂ ಮಾಡೂದಿಲ್ರಿ. ಹೋದ ವರ್ಷ ಎಷ್ಟ ಕಾಯಿ ಹಿಡದಿತ್ತು!"

ಆ ಗಿಡ ಅವಳ ಮಗಳು ಗೌರವ್ವ ಹಣ್ಣು ತಿಂದು ಹುಗಿದ ಗೊರಟೆಯಿಂದ ಎದ್ದದ್ದು. ಅದೇ ವರ್ಷ ಆರರ ಹುಡುಗಿ ಜ್ವರ ಬಂದು ತೀರಿಕೊಂಡಿತ್ತು. ಅವಳದು ಅಂತ ಉಳಿದದ್ದು ಅದೊಂದೇ. ಇದನ್ನೂ ಯಮನವ್ವ ಹೇಳಿದಳು. ಅಣ್ಣಪ್ಪ ಕೇಳಿಸಿಕೊಂಡ, ಅಷ್ಟೆ.

ನಿಯಮದಂತೆ ಹುಳವನ್ನು ಧಾರವಾಡದ ಬೇಸಾಯ ಕಾಲೇಜಿಗೆ ಕಳಿಸಿ ಉತ್ತರಕ್ಕೆ ಕಾಯಬೇಕಿತ್ತು. ಅಂಚೆಗೇನೋ ಹಾಕಿದ, ಕಾಯಲಿಲ್ಲ. "ಗಿಡ ಕಡೀರಿ. ಬೇರಿನ್ಯಾಗ ತತ್ತಿ ಇರತಾವ, ಬೊಡ್ಡಿ ಸಮೇತ ಕೀಳ್ರಿ," ಎಂದು ಕೆಂಚಪ್ಪನ ಆಳುಗಳ ಮುಂದೆ ಹೇಳಿಯೇಬಿಟ್ಟ. ತತ್ತಿಯ ಮಾತು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ; ನಾಲ್ಕು ಜನರೆದುರು ದೊಡ್ಡವನಾಗುವ ಹುರುಪಿನಲ್ಲಿ ಬಾಯಿಗೆ ಬಂದದ್ದು. ಸರಕಾರದವರ ಮಾತಿಗೆ ಯಮನವ್ವ ಎದುರಾಡಲಿಲ್ಲ. ಸಂಜೆಯೊಳಗೆ ಆಳುಗಳು ಗಿಡ ಕಡಿದು ಬೊಡ್ಡೆ ಕಿತ್ತರು, ಅಲ್ಲಿ ಆಳದ ಗುಂಡಿಯೊಂದು ಉಳಿಯಿತು.

ಇಪ್ಪತ್ತೆರಡನೆಯ ದಿನ ಉತ್ತರ ಬಂತು. ಈ ಹುಳದ ತಲೆ ಹುಟ್ಟಿನಿಂದಲೇ ಚಪ್ಪಟೆ, ಇದು ಬೇರೆಯೇ ಜಾತಿ, ಮಾವಿನ ಹೂವಿಗೆ ಇದರಿಂದ ತೊಂದರೆಯಿಲ್ಲ. ಅಷ್ಟರಲ್ಲಿ ಕೆಂಚಪ್ಪನ ಹೂವೆಲ್ಲ ಉದುರಿ ಮುಗಿದಿತ್ತು. ಗುಂಡುತಲೆಯ ಹುಳಗಳು ಅವನ ತೋಟದಲ್ಲೇ ಇದ್ದವು. ಅಲ್ಲಿ ಯಾರೂ ಹುಡುಕಿರಲಿಲ್ಲ.

ಅಣ್ಣಪ್ಪ ಆ ಕಾಗದವನ್ನು ಕಿಸೆಗಿಟ್ಟುಕೊಂಡ. ಸೈಕಲ್ಲು ಹತ್ತಿ ನಾಗನೂರಿಗೆ ಹೋದ. ಗಿಡವಿದ್ದ ಕುಣಿಗೆ ಯಮನವ್ವ ನೀರು ಹಾಕುತ್ತಿದ್ದಳು.

"ತಪ್ಪಾತ್ರಿ ಯವ್ವಾ. ನೀವ್ ಹೇಳಿದ್ದ ಖರೆ ಇತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕೊಡ ಕೆಳಗಿಟ್ಟು ಕುಣಿಯತ್ತ ಕೈ ತೋರಿಸಿದಳು.

"ಬೇರಿನ ತುಂಡ ಒಳಗ ಉಳದಾವ್ರಿ. ದಿನಾ ನೀರ ಹಾಕಾಕತ್ತೇನಿ. ನಿಮ್ಮ ಕನ್ನಡಿ ಹಿಡದ ನೋಡ್ರಿ, ಚಿಗೀತಾವೇನು?"

ಅಣ್ಣಪ್ಪ ಕುಣಿಗಿಳಿದು ಮೊಣಕಾಲೂರಿದ. ಇದಕ್ಕೆ ಪುಸ್ತಕವೂ ಬೇಕಿರಲಿಲ್ಲ, ಧಾರವಾಡದ ಉತ್ತರವೂ ಬೇಕಿರಲಿಲ್ಲ. ಆದರೂ ಸತ್ತ ಬೇರಿನ ಮೇಲೆ ಭೂತಗನ್ನಡಿ ಹಿಡಿದು ನೋಡುತ್ತಲೇ ಇದ್ದ. ಮೇಲೆ ಅವಳು ಕಾಯುತ್ತ ನಿಂತಿದ್ದಳು.