ಮಸೀದಿಗೆ ಪದೇ ಪದೇ ಹೋಗುವ ವರ

ನಮ್ಮ ಅಬ್ಬಾ ದಾವಲಸಾಬರು ಎತ್ತು ಕೊಳ್ಳುವಾಗಲಾದರೂ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಮಗಳಾದ ನನಗೆ ವರ ನೋಡುವಾಗ ಅಷ್ಟನ್ನೂ ನೋಡಲಿಲ್ಲ. ಆಳಂದದಿಂದ ಬಂದ ಮುರ್ತುಜಾ ಎರಡು ತಾಸಿನೊಳಗೆ ಮೂರು ಸಲ ಎದ್ದು ಪಕ್ಕದ ಮಸೀದಿಗೆ ಹೋಗಿ ಬಂದ. ಅಷ್ಟಕ್ಕೇ ಒಪ್ಪಿಬಿಟ್ಟರು.

"ಹೊತ್ತಲ್ಲದ ಹೊತ್ತಿನ್ಯಾಗೂ ಮಸೀದಿ ನೆನಸ್ತಾನ. ಈ ಕಾಲದಾಗ ಇಂಥಾ ಹುಡುಗ ಸಿಗತಾನೇನ?" ಎಂದು ಅಫಜಲಪುರದ ಅರ್ಧ ಊರಿಗೆ ಡಂಗುರ ಸಾರಿದರು. ಮಧ್ಯಾಹ್ನದ ನಮಾಜು ಮುಗಿದಿತ್ತು, ಸಂಜೆಯದಕ್ಕೆ ಇನ್ನೂ ಹೊತ್ತಿತ್ತು. ನಡುವೆ ಇದ್ಯಾವ ನಮಾಜಪ್ಪಾ ಎಂದು ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಭಕ್ತಿ ಕಂಡರೆ ಸಾಕು, ನಮ್ಮವರ ಬುದ್ಧಿ ಚಪ್ಪಲಿಯ ಜೊತೆ ಹೊರಗೇ ಉಳಿದುಬಿಡುತ್ತದೆ.

ನಮ್ಮ ಮನೆಯ ರಿವಾಜು ಹೀಗಿದೆ. ಹೆಣ್ಣು ನೋಡಲು ಬಂದ ಗಂಡಸರು ಮುಂದಿನ ಕೋಣೆಯಲ್ಲೇ ಕೂರಬೇಕು. ಪರದೆಯ ಒಳಗೆ ಹೆಂಗಸರು. ಸಂಡಾಸಿರುವುದು ಹಿತ್ತಲಲ್ಲಿ, ಅಲ್ಲಿಗೆ ಹೋಗಲು ಹೆಂಗಸರ ಪಡಸಾಲೆ ದಾಟಬೇಕು. ಹೊರಗಿನ ಗಂಡಸು ದಾಟುವ ಹಾಗಿಲ್ಲ. ಒಂದಕ್ಕೆ ಬಂದರೆ ಮಸೀದಿಯ ಮೂತ್ರಿಖಾನೆಯೇ ಗತಿ. ಇದು ಅಬ್ಬಾನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ, ಮನೆ ಕಟ್ಟಿಸಿದವರೇ ಅವರು.

ನನಗಂತೂ ಹುಡುಗ ಹಿಡಿಸಿದ್ದ. ಅಮ್ಮಿಯ ಎದುರಿಗೆ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ಮಾತಿಗೆ ಕೂರಿಸಿದ್ದರು. ಬಿರ್ಯಾನಿ ಮಾಡಲು ಬರುತ್ತದೆಯೇ ಎಂದು ಕೇಳಲಿಲ್ಲ. "ಸಾಲ್ಯಾಗ ಹುಡುಗರು ಭಾಳ ಕಾಡ್ತಾರೇನ್ರಿ, ಫರಹೀನ?" ಎಂದು ನನ್ನ ಟೀಚರ್ ಕೆಲಸದ ಬಗ್ಗೆ ಕೇಳಿದ. ನಾನು ಹೇಳಿದ್ದಕ್ಕೆಲ್ಲ ನಕ್ಕ. ಇವನನ್ನು ಬಿಟ್ಟರೆ ಮುಂದೆ ಬರುವವನು ಎಂಥವನೋ ಎಂಬ ಹೆದರಿಕೆ ಅಂದೇ ನನ್ನೊಳಗೆ ಹುಟ್ಟಿತು.

ಎರಡನೆಯ ಸಲ ಬಂದದ್ದು ಮಂಗನಿಯ, ಅಂದರೆ ನಿಶ್ಚಿತಾರ್ಥದ, ದಿನ ಗೊತ್ತು ಮಾಡಲು. ಆ ಸುಡುಬಿಸಿಲಲ್ಲಿ ತಾಯಿ ಜೈತುನಬಿಯನ್ನು ಹಿಂದೆ ಕೂರಿಸಿಕೊಂಡು ಆಳಂದದಿಂದ ಮೋಟಾರುಸೈಕಲ್ ಮೇಲೆ ಬಂದಿದ್ದ. ಅಂದು ನಮ್ಮ ಫೂಫಾ ಖಾದರಸಾಬರೂ ಹಾಜರು. ಅಬ್ಬಾನ ಅಕ್ಕನ ಗಂಡ. ಯಾರ ಮನೆಯ ಮದುವೆಯಾದರೂ ಮೂಗು ತೂರಿಸದಿದ್ದರೆ ಅವರಿಗೆ ಉಂಡ ಅನ್ನ ಕರಗುವುದಿಲ್ಲ. ಮುರ್ತುಜಾ ಎದ್ದದ್ದೇ ತಡ, "ನಡಿ ಬೇಟಾ, ನಾನೂ ಬರ್ತೇನಿ" ಎಂದು ಬೆನ್ನು ಹತ್ತಿದರು. ಹುಡುಗನ ಪುಣ್ಯದಲ್ಲಿ ತಮಗೂ ಒಂದು ಪಾಲು ಬೇಕಲ್ಲ!

ಹೋದಷ್ಟೇ ಬೇಗ ತಿರುಗಿ ಬಂದರು. ಮುರ್ತುಜಾ ಇನ್ನೂ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

"ದಾವಲಸಾಬ, ನಿನ್ನ ನಮಾಜಿ ಅಳಿಯ ಮಸೀದಿ ಒಳಗ ಕಾಲ ಇಡಲಿಲ್ಲಪಾ! ಸೀದಾ ಮೂತ್ರಿಖಾನಿಗಿ ಹೋದ, ಕೈ ತೊಳಕೊಂಡ, ಬಂದ. ಅಷ್ಟೇ!"

ಅಬ್ಬಾನ ಮುಖ ಇಳಿದುಹೋಯಿತು. "ಖರೇ ಏನ ಬೇಟಾ?"

"ಖರೇ ಅದರಿ," ಎಂದ ಮುರ್ತುಜಾ. "ನಮಾಜಿಗಿ ಹೋಗ್ತೇನಿ ಅಂತ ನಾ ಒಮ್ಮೆನೂ ಅಂದಿಲ್ರಿ. ನೀವ ಹಂಗ ತಿಳಕೊಂಡ್ರಿ, ನಾ ಸುಮ್ಮ ಕುಂತೆ. ನಾಚಿಕಿ ಬಂತು."

"ಸಕ್ರಿ ಬ್ಯಾನಿ!" ಎಂದರು ಫೂಫಾ, ತಾವೇ ನಾಡಿ ಹಿಡಿದು ನೋಡಿದವರ ಹಾಗೆ.

"ಇಲ್ರಿ, ತಪಾಸಣಿ ಮಾಡಿಸೇನಿ. ಸಕ್ರಿ ಇಲ್ಲ, ಹರಳಿಲ್ಲ. ಮೂತ್ರಚೀಲ ತುಂಬೋಕಿಂತ ಮೊದಲ ಹಿಂಡಾಕತ್ತದ ಅಂತ ಕಲಬುರಗಿ ಡಾಕ್ಟರ ಹೇಳ್ಯಾರ. ಬಂತಂದ್ರ ತಡಿಯಾಕ ಆಗಲ್ಲ. ಗುಳಿಗಿ ತಗೊಳ್ಳಾಕತ್ತೇನಿ, ಚಹಾ ಬಿಟ್ಟೇನಿ. ಸ್ವಲ್ಪ ಸ್ವಲ್ಪ ಹೊತ್ತು ತಡಿಯೋದು ರೂಢಿ ಮಾಡ್ಕೊಳ್ಳಾಕತ್ತೇನಿ. ಮೊದಲಿಗಿಂತ ಆರಾಮ ಅದ."

ಯಾರೂ ಕೇಳದಿದ್ದರೂ ಮುಂದುವರಿಸಿದ. "ಬಸ್ಸು ಹತ್ತೋದು ಬಿಟ್ಟೇನಿ. ದೋಸ್ತರ ಮದಿವಿಗಿ ಹೋಗಲ್ಲ. ನಾ ಕುಂದ್ರೋ ಅಡತಿ ಅಂಗಡ್ಯಾಗ ತೊಗರಿ ಹರಾಜಿನ ಸವಾಲ ನಡದಾಗ ನಡುವ ಎದ್ದು ಹೋಗ್ತೇನಿ, ಎಲ್ಲಾರೂ ನಗ್ತಾರ. ಒಮ್ಮೊಮ್ಮೆ ಬಾಗಿಲಾ ಹಾಕ್ಕೊಂಡು ಮನ್ಯಾಗ ಬಿದ್ದಿರೂಣು ಅನಸ್ತದ್ರಿ."

ಪರದೆಯ ಈಚೆ ಕೂತಿದ್ದ ನನ್ನ ಕರುಳು ಹಿಂಡಿದಂತಾಯಿತು. ಫೂಫಾನಿಗೆ ಎಲ್ಲಿಯ ಕರುಳು!

"ಹರೇದ ಗಂಡಸಿಗಿ ಮುದುಕರ ಬ್ಯಾನಿ! ಇಂಥವ ಸಂಸಾರ ಏನ್ ಮಾಡ್ತಾನ? ಇವಗ ಮಕ್ಕಳಾಗತಾವೇನ?"

ಮೂತ್ರಚೀಲಕ್ಕೂ ಮಕ್ಕಳಾಗುವುದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ನಮ್ಮ ಫೂಫಾ ಕಲಿತ ವೈದ್ಯವೆಲ್ಲ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಗುಪ್ತರೋಗದ ಜಾಹೀರಾತಿನದು. ಅದರಾಚೆಗೆ ಒಂದಕ್ಷರ ಓದಿದವರಲ್ಲ. ಆದರೆ ದನಿ ದೊಡ್ಡದು, ಆದ್ದರಿಂದ ಅಬ್ಬಾ ನಂಬಿದರು.

"ನಿನ್ನ ನಮಾಜಿ ಅಂತ ತಿಳಕೊಂಡಿದ್ದೆ. ನೀ ನೋಡಿದ್ರ ಬ್ಯಾನಿ ಮನಶಾ," ಎಂದರು ಅಬ್ಬಾ. "ಈ ಮಾತು ಇಲ್ಲಿಗೇ ಬಿಡೂಣು."

ಒಳಗೆ ನಮ್ಮ ಜೊತೆ ಕೂತಿದ್ದ ಜೈತುನಬಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಹೇಳಬ್ಯಾಡ ಅಂತ ನಾನ ಆಣಿ ಹಾಕಿದ್ನವ್ವ," ಎಂದು ನನ್ನ ಕೈ ಹಿಡಿದರು. ಅವರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ.

ಆಗ ಹೊರಗೆ ಮುರ್ತುಜಾ ಮತ್ತೆ ಎದ್ದು ನಿಂತ. ಪರದೆಯ ಸಂದಿಯಿಂದ ನೋಡಿದೆ. ಮುಖ ಬಿಳಿಚಿಕೊಂಡಿತ್ತು, ತೊಡೆಗೆ ತೊಡೆ ಒತ್ತಿಕೊಂಡು ನಿಂತಿದ್ದ. ಬಾಗಿಲಲ್ಲಿ ಫೂಫಾ ಕಂಬದಂತೆ ನಿಂತಿದ್ದರು.

"ಈಗರೆ ಹೋಗಿ ಬಂದಿ. ದೊಡ್ಡವರ ಮಾತು ಮುಗಿಯೋತನ ಕುಂದ್ರು."

"ದಾರಿ ಬಿಡ್ರಿ," ಎಂದ.

"ತಡಿ ನೋಡೂಣು, ಗಂಡಸಲ್ಲೇನ ನೀ?"

ಥೂ ಇವರ ಹಿರಿತನಕ್ಕಿಷ್ಟು! ಇನ್ನೊಂದು ಗಳಿಗೆ ಕಳೆದಿದ್ದರೆ ಆ ಹುಡುಗ ಎಲ್ಲರೆದುರು ಜಮಖಾನದ ಮೇಲೇ ಒದ್ದೆಯಾಗುತ್ತಿದ್ದ. ಆಮೇಲೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ನಾನು ಎದ್ದು ಪರದೆಯನ್ನು ಪೂರ್ತಿ ಸರಿಸಿದೆ.

"ಇತ್ತ ಬರ್ರಿ. ಹಿತ್ತಲದಾಗ ಎಡಕ್ಕ ಅದ."

ಒಳಗಿದ್ದ ಹೆಂಗಸರು ಕಿಟಾರನೆ ಕಿರುಚಿ ತಲೆಯ ಮೇಲೆ ಸೆರಗೆಳೆದುಕೊಂಡರು. ಮುರ್ತುಜಾ ತಲೆ ತಗ್ಗಿಸಿ, ಅವರ ನಡುವೆಯೇ ಹಾದು ಹಿತ್ತಲಿಗೆ ಓಡಿದ. ಅಬ್ಬಾ ನನ್ನೆದುರು ಬಂದು ನಿಂತರು.

"ಹುಚ್ಚ ಹಿಡದದೇನ ಬೇ ನಿನಗ? ಓಣ್ಯಾಗ ನಾ ಹೆಂಗ ತಲಿ ಎತ್ಲಿ?"

ಅಬ್ಬಾನೆದುರು ನಾನು ಎಂದೂ ದನಿ ಎತ್ತಿದವಳಲ್ಲ. ಆದರೂ ಅಂದೆ.

"ಅಂವ ಮಾಡದಿದ್ದ ನಮಾಜಿಗಿ ಹೆಣ್ಣ ಕೊಡಾಕ ತಯಾರಿದ್ರಿ ಅಬ್ಬಾ. ಖರೇ ಹೇಳಿದ ಕೂಡಲೆ ಬ್ಯಾಡಾದನೇನ? ನಾಳಿ ಕಾಜಿ ಬಂದು ಕೇಳೋದು ನನಗ, ಫೂಫಾಗಲ್ಲ. ಈಗ ಹೇಳತೇನಿ ಕೇಳ್ರಿ, ನನಗ ಕಬೂಲ್ ಅದ."

ಫೂಫಾ ಬಾಯಿ ತೆರೆದರು. "ನೀವು ಸುಮ್ಮ ಕುಂದ್ರಿ," ಎಂದೆ. ಬಾಯಿ ತೆರೆದುಕೊಂಡೇ ಕೂತರು.

ಮುರ್ತುಜಾ ಹಿತ್ತಲಿಂದ ಬಂದು ಪಡಸಾಲೆಯ ನಡುವೆ ನಿಂತ. ನಾನಂದದ್ದು ಅವನ ಕಿವಿಗೆ ಬಿದ್ದಿತ್ತು. ಕಣ್ಣು ಕೆಂಪಾಗಿದ್ದವು. ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡಿದ.

"ಒಂದ ಗಿಲಾಸ ನೀರ ಕೊಡ್ತೀರೇನ್ರಿ? ಇಲ್ಲಿ ಬರೂದದ ಅಂತ ನಿನ್ನಿ ಸಂಜಿಂದ ಒಂದ ಹನಿ ಕುಡದಿಲ್ಲ."

ಕೊಟ್ಟೆ. ಹೆಂಗಸರ ನಡುವೆ ನೆಲದ ಮೇಲೆ ಕೂತು, ಗಟಗಟನೆ ಅಷ್ಟನ್ನೂ ಕುಡಿದ. ಖಾಲಿ ಗಿಲಾಸು ಹಿಡಿದುಕೊಂಡು, ಇನ್ನೊಂದು ಕೇಳಲೋ ಬೇಡವೋ ಎಂದು ಹಿತ್ತಲ ಬಾಗಿಲ ಕಡೆ ನೋಡಿದ. ಅಷ್ಟೂ ಹೊತ್ತು ತುಟಿ ಬಿಚ್ಚದಿದ್ದ ನಮ್ಮ ಅಮ್ಮಿ ಎದ್ದು ಹೋಗಿ, ತುಂಬಿದ ತಂಬಿಗೆ ತಂದು ಅವನ ಮುಂದಿಟ್ಟಳು.